ಕೀಲಿಮಣೆಯ ಸಾರಥ್ಯ

ಗಣಕಯಂತ್ರದ ಆಟವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಈ ಪುಟದ ಮರ್ಯಾದೆಗೆ ಒಪ್ಪುವುದೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಯಾವುದನ್ನು ಬಲ್ಲವರು ಇಪ್ಪತ್ತು ವರ್ಷ ಕಳೆದರೂ ಕೈಬಿಡದೆ ಸವಿಯುತ್ತಾರೋ, ತಿದ್ದಿ ಬೆಳೆಸುತ್ತಾರೋ, ಅದಕ್ಕೆ ಕೃತಿಯ ಸ್ಥಾನ ತಾನಾಗಿ ಸಲ್ಲುತ್ತದೆ. 2004ರಲ್ಲಿ ಹೊರಬಂದ ‘ರಿಚರ್ಡ್ ಬರ್ನ್ಸ್ ರ್‍ಯಾಲಿ’ ಅಂಥದೊಂದು ಕೃತಿ. 2001ರಲ್ಲಿ ರ್‍ಯಾಲಿಯ ವಿಶ್ವ ಚಾಂಪಿಯನ್ ಆಗಿ, 2005ರಲ್ಲಿ 34ನೆಯ ವಯಸ್ಸಿಗೇ ತೀರಿಕೊಂಡ ಆಂಗ್ಲ ಚಾಲಕನ ಹೆಸರನ್ನು ಅದು ಹೊತ್ತಿದೆ. ನಿಜವಾದ ಕಾರು ಮಣ್ಣಿನ ಮೇಲೆ ಹೇಗೆ ಜಾರುವುದೋ ಹಾಗೆಯೇ ಜಾರಬೇಕೆಂಬ ಅದರ ಹಟ ಇಂದಿಗೂ ರಸಿಕರನ್ನು ಹಿಡಿದಿಟ್ಟಿದೆ.

ರ್‍ಯಾಲಿಯೆಂದರೆ ಒಂದೇ ವರ್ತುಲದಲ್ಲಿ ಸುತ್ತುವ ಪಂದ್ಯವಲ್ಲ. ಕಾಡು, ಗುಡ್ಡ, ಮಣ್ಣುದಾರಿಗಳಲ್ಲಿ ಗಡಿಯಾರದೊಡನೆ ನಡೆಸುವ ಸ್ಪರ್ಧೆ. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತುಗಳೂ ನಡೆದಿವೆ. ಚಾಲಕನ ಪಕ್ಕದಲ್ಲಿ ಕುಳಿತವನು ಮುಂದಿನ ತಿರುವಿನ ಬಿಗಿಯನ್ನೂ ಇಳಿಜಾರನ್ನೂ ಮೊದಲೇ ಓದಿ ಹೇಳುತ್ತಾನೆ. ಆಟದಲ್ಲಿ ಆ ದನಿ ಬರ್ನ್ಸ್‌ನ ನಿಜವಾದ ಜೊತೆಗಾರ ರಾಬರ್ಟ್ ರೀಡ್‌ನದೇ. ಕರ್ಣನ ಪಕ್ಕದ ಶಲ್ಯನಂತೆ ಎದೆಗುಂದಿಸುವ ಮಾತು ಅಲ್ಲಿಲ್ಲ. ನಂಬಬಹುದಾದ ಮಾತು ಮಾತ್ರ ಉಂಟು.

ತೊಡಕಿರುವುದು ವಾದ್ಯದಲ್ಲಿ. ಬಲ್ಲವರು ಈ ಆಟಕ್ಕೆ ಚಕ್ರವೂ ಪೆಡಲುಗಳೂ ಬೇಕೆನ್ನುತ್ತಾರೆ. ಶಿಕಾರಿಪುರ, ಸೊರಬದಂಥ ಊರುಗಳ ವಿದ್ಯಾರ್ಥಿಗೆ ಓದಿಗೆಂದು ಕೊಂಡ ಲ್ಯಾಪ್‌ಟಾಪು ಇದ್ದರೆ ಅದೇ ಭಾಗ್ಯ. ಅದರ ಕೀಲಿಮಣೆಯೇ ಅವನ ಚಕ್ರ. ಕೀಲಿಯಿಂದ ಆಡುವುದು ಆಟವೇ ಅಲ್ಲ ಎಂಬ ತೀರ್ಪು ಅವನ ಕಿವಿಗೂ ಬಿದ್ದಿರುತ್ತದೆ. ಇಂಥ ತೀರ್ಪು ಹೊಸದೇನಲ್ಲ. ಕೀಲಿಯಲ್ಲಿ ಗಮಕ ನುಡಿಯದೆಂಬ ಆಕ್ಷೇಪಕ್ಕೆ ಗುರಿಯಾದ ಹಾರ್ಮೋನಿಯಂಗೆ ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಮುಚ್ಚಿತ್ತು. ಆಕ್ಷೇಪದಲ್ಲಿ ಸತ್ಯವಿತ್ತು. ಆದರೂ ನಮ್ಮ ಕಂಪನಿ ನಾಟಕಗಳ ಹಾಡು ಆ ಪೆಟ್ಟಿಗೆಯ ಆಸರೆಯಲ್ಲೇ ಊರೂರು ತಿರುಗಿತೆಂಬುದೂ ಅಷ್ಟೇ ಸತ್ಯ.

ಕೀಲಿಯ ಕೊರತೆ ಯಾವುದು? ಚಕ್ರವನ್ನು ಕಾಲುಭಾಗ ತಿರುಗಿಸಬಹುದು, ಪೆಡಲನ್ನು ಅರ್ಧ ಒತ್ತಬಹುದು. ಕೀಲಿಗೆ ಒತ್ತಿದ್ದು, ಬಿಟ್ಟದ್ದು ಎಂಬ ಎರಡೇ ಸ್ಥಿತಿ. ‘ಸ್ವಲ್ಪ’ ಎಂಬುದು ಅದರ ಕೋಶದಲ್ಲಿಲ್ಲ. ಪೂರ್ತಿ ಬ್ರೇಕು ಒತ್ತಿದರೆ ಚಕ್ರಗಳು ಬಿಗಿದು ನಿಲ್ಲುತ್ತವೆ, ಕಾರು ತಿರುಗಲೊಲ್ಲದೆ ನೇರವಾಗಿ ಮರದತ್ತ ಜಾರುತ್ತದೆ. ಆದುದರಿಂದ ಕೀಲಿಯ ಆಟಗಾರ ಬ್ರೇಕನ್ನು ಬಿಟ್ಟು ಬಿಟ್ಟು ತಟ್ಟುತ್ತಾನೆ. ತಿರುವು ಕಾಣುವ ಮೊದಲೇ, ರೀಡ್‌ನ ಮಾತನ್ನು ನಂಬಿ, ವೇಗದ ಕೀಲಿಯಿಂದ ಬೆರಳೆತ್ತುತ್ತಾನೆ. ಕಾರಿನ ಭಾರ ಮುಂದಿನ ಚಕ್ರಗಳಿಗೆ ವಾಲಿ, ಅವು ನೆಲವನ್ನು ಹಿಡಿದ ಗಳಿಗೆಯಲ್ಲಿ ಎಡಕ್ಕೋ ಬಲಕ್ಕೋ ಚಿಕ್ಕದೊಂದು ಪೆಟ್ಟು ಕೊಡುತ್ತಾನೆ. ಪ್ರಮಾಣದಿಂದ ಆಗಬೇಕಾದುದನ್ನು ಅವನು ಕಾಲದಿಂದ ಸಾಧಿಸುತ್ತಾನೆ.

ಛಂದಸ್ಸನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕನ್ನಡ ಕವಿಗೂ ದೊರೆತದ್ದು ಲಘು, ಗುರು ಎಂಬ ಎರಡೇ. ಒಂದು ಮಾತ್ರೆ, ಎರಡು ಮಾತ್ರೆ, ನಡುವೆ ಮತ್ತೊಂದಿಲ್ಲ. ಆ ಎರಡರಿಂದಲೇ ರಗಳೆಯ ಓಟವೂ ಷಟ್ಪದಿಯ ನಡಿಗೆಯೂ ಹುಟ್ಟಿದುವು. ಉಪಕರಣ ಬಡವಾದ ಮಾತ್ರಕ್ಕೆ ಲಯ ಬಡವಾಗಬೇಕಿಲ್ಲ. ಕೀಲಿಮಣೆಯ ಚಾಲನೆ ಚಕ್ರದ ಚಾಲನೆಯ ಕೆಟ್ಟ ಅನುಕರಣೆಯಲ್ಲ. ಅದಕ್ಕೆ ತನ್ನದೇ ಆದ ಛಂದಸ್ಸುಂಟು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ನಷ್ಟವನ್ನು ಮರೆಮಾಚಲಾಗದು. ಸೊರಬದ ಗುಡಿಗಾರರು ಗಂಧದ ಮರವನ್ನು ಕೆತ್ತುವಾಗ ಉಳಿ ಮರವನ್ನು ಒತ್ತುವುದಷ್ಟೇ ಅಲ್ಲ, ಮರವೂ ಉಳಿಯ ಮೂಲಕ ಕೈಗೆ ಮರುನುಡಿಯುತ್ತದೆ. ಒಳ್ಳೆಯ ಚಕ್ರದಲ್ಲಿ ದಾರಿಯ ಈ ಮರುನುಡಿ ಉಂಟು, ಕೀಲಿ ಮೂಕ. ಆಟಗಾರ ಕಣ್ಣು ಕಿವಿಗಳನ್ನೇ ಕೈಯಾಗಿಸಿಕೊಳ್ಳಬೇಕು. ಇನ್ನೂ ಒಂದು ಮಾತು: ಇಂಥ ಬಹುತೇಕ ಆಟಗಳಲ್ಲಿ ಕೀಲಿ ಒತ್ತಿದೊಡನೆ ಚಕ್ರ ಪೂರ್ತಿ ತಿರುಗದು, ಯಂತ್ರವೇ ಅದನ್ನು ಮೆಲ್ಲಗೆ ತಿರುಗಿಸಿ, ಬಿಟ್ಟಾಗ ನಡುವಿಗೆ ತರುತ್ತದೆ. ಪದ್ಯದ ಅರ್ಧವನ್ನು ಯಂತ್ರ ಬರೆಯುತ್ತಿದೆಯೆಂಬುದನ್ನು ಗೆದ್ದವನು ನೆನೆಯುವುದು ಪ್ರಾಮಾಣಿಕತೆ.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ ದನಗಳುಂಟು, ಜೋಳದ ಗಾಡಿಯುಂಟು, ಶಾಲೆಯ ಮಕ್ಕಳುಂಟು. ಮುಂದಿನ ತಿರುವನ್ನು ಓದಿ ಹೇಳುವ ರೀಡ್ ಅಲ್ಲಿಲ್ಲ. ಮೊದಲಿನಿಂದ ಆಡುವ ಕೀಲಿಯೂ ಇಲ್ಲ. ಆಟದ ವೇಗವನ್ನು ಬೈಕಿನ ಮೇಲೆ ಹೊತ್ತು ತರುವವನು ಆಟವನ್ನು ಅರಿತವನಲ್ಲ. ಏಕೆಂದರೆ ಈ ಕಠಿಣ ಕೃತಿ ಮತ್ತೆ ಮತ್ತೆ ಕಲಿಸುವ ಪಾಠ ವೇಗದ್ದಲ್ಲ, ಔಚಿತ್ಯದ್ದು: ಬೆರಳನ್ನು ಯಾವಾಗ ಒತ್ತಬೇಕೆಂಬುದಕ್ಕಿಂತ ಯಾವಾಗ ಎತ್ತಬೇಕೆಂಬುದು. ಬಡ ವಾದ್ಯದ ಮೇಲೆ ಆ ಪಾಠವನ್ನು ಕಲಿತ ನಮ್ಮ ಹುಡುಗರಿಗೆ ರಸಿಕರ ಪಂಕ್ತಿಯಲ್ಲಿ ಎಲೆ ಹಾಕಲು ಹಿಂಜರಿಯಬೇಕಾಗಿಲ್ಲ.