‘ಅಕುಶಲ’ ಎಂಬ ವಿಂಗಡಣೆ: ‘ಡ್ವಾರ್ಫ್ ಫೋರ್ಟ್ರೆಸ್’ ಆಟ ಮತ್ತು ರಾಯದುರ್ಗ–ಮಡಕಶಿರಾದ ಮಣ್ಣುಕೆಲಸ

2006ರ ಫೆಬ್ರವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಚಾಲನೆ ನೀಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಸೋದರರಾದ ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ರೂಪಿಸಿದ ‘ಡ್ವಾರ್ಫ್ ಫೋರ್ಟ್ರೆಸ್’ ಎಂಬ ಕಂಪ್ಯೂಟರ್ ಆಟ ಬಿಡುಗಡೆಯಾಯಿತು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಎರಡೂ ಒಂದೇ ಪ್ರಶ್ನೆಯನ್ನು ಎದುರಿಸುತ್ತವೆ: ಕಸುಬು ತಿಳಿಯದವರೆಂದು ಪಟ್ಟಿಯಲ್ಲಿ ನಮೂದಾದವರಿಗೆ ಯಾವ ಕೆಲಸ ಕೊಡಬೇಕು? ಕಾಯ್ದೆಯನ್ನು ಅರ್ಥಶಾಸ್ತ್ರಜ್ಞರು ಚರ್ಚಿಸಿದ್ದಾರೆ. ಆಟವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2012ರಲ್ಲಿ ತನ್ನ ಸಂಗ್ರಹಕ್ಕಾಗಿ ಆರಿಸಿಕೊಂಡಿತು. ಇವೆರಡನ್ನು ಒಟ್ಟಿಗೆ ಇಟ್ಟು ಓದಿದರೆ ‘ಅಕುಶಲ’ ಎಂಬ ಪದ ದುಡಿಯುವವನಿಗಿಂತ ಹೆಚ್ಚಾಗಿ ಪಟ್ಟಿ ಬರೆಯುವವನನ್ನೇ ಕುರಿತು ಹೇಳುತ್ತದೆ ಎಂಬುದು ಕಾಣುತ್ತದೆ.

ಆಟ ಆರಂಭವಾಗುವುದು ಏಳು ಮಂದಿ ಕುಬ್ಜರಿಂದ. ಅವರು ಬೆಟ್ಟವನ್ನು ಕೊರೆದು ನೆಲೆ ಕಟ್ಟುತ್ತಾರೆ. ಬಳಿಕ ತಂಡತಂಡವಾಗಿ ವಲಸಿಗರು ಬರುತ್ತಾರೆ. ಅವರಲ್ಲಿ ಕಮ್ಮಾರರಿರುತ್ತಾರೆ, ಕಲ್ಲುಕುಟಿಗರಿರುತ್ತಾರೆ, ಹೇಳಿಕೊಳ್ಳುವಂತಹ ಯಾವ ಕಸುಬೂ ಇಲ್ಲದವರೂ ಇರುತ್ತಾರೆ. ಈ ಕೊನೆಯವರನ್ನು ಆಟ ‘ಪೆಸೆಂಟ್’ ಎಂದು ಗುರುತಿಸುತ್ತದೆ. ಬಿತ್ತನೆಯನ್ನು ಬೇರೆಯೇ ಒಂದು ಕೌಶಲವೆಂದು ಎಣಿಸುವ ಆಟವು ಒಕ್ಕಲಿನವನ ಹೆಸರನ್ನು ಕಸುಬಿಲ್ಲದವನಿಗೆ ಅಂಟಿಸಿರುವುದು ಗಮನಾರ್ಹ. ಆಟಗಾರ ಯಾರನ್ನೂ ಕೈಹಿಡಿದು ನಡೆಸಲಾರ. ಯಾರು ಯಾವ ಕೆಲಸಕ್ಕೆ ಸಲ್ಲುತ್ತಾರೆಂದು ಗೊತ್ತುಪಡಿಸಬಲ್ಲ, ಅಷ್ಟೇ. ಕಸುಬಿಲ್ಲದವರು ಸಾಮಾನ್ಯವಾಗಿ ಹೊರೆ ಸಾಗಿಸುವುದಕ್ಕೋ ಸೈನ್ಯಕ್ಕೋ ಸಲ್ಲುತ್ತಾರೆ.

ಆಟದ ಔದಾರ್ಯವನ್ನು ಮೊದಲು ಒಪ್ಪಬೇಕು. ಅಲ್ಲಿ ಕಸುಬು ಜಾತಿಯಿಂದ ಬರುವುದಿಲ್ಲ. ಗುದ್ದಲಿ ಹಿಡಿದವನು ಅಗೆಯುತ್ತ ಅಗೆಯುತ್ತ ನಿಪುಣನಾಗುತ್ತಾನೆ, ಅವನ ವೇಗ ಹೆಚ್ಚುತ್ತದೆ, ಬಿರುದು ಏರುತ್ತದೆ. ಅತ್ಯಂತ ಸಾಮಾನ್ಯ ಕುಬ್ಜನಿಗೂ ಇಷ್ಟಾನಿಷ್ಟಗಳಿವೆ, ಬಂಧುಗಳಿದ್ದಾರೆ, ಮರೆಯಲಾಗದ ದುಃಖಗಳಿವೆ. ಆದರೆ ಹೊರುವ ಕೆಲಸಕ್ಕೆ ಮಾತ್ರ ಯಾವ ಮೆಟ್ಟಿಲೂ ಇಲ್ಲ. ನೂರು ವರ್ಷ ಹೊತ್ತರೂ ಹೊರುವವನ ಲೆಕ್ಕಕ್ಕೆ ಹೊರುವ ಕೌಶಲವೊಂದು ಸೇರುವುದಿಲ್ಲ. ಅವನಿಗೆ ಇರುವ ಒಂದು ಬಿಡುಗಡೆ ವಿಚಿತ್ರವಾದುದು: ಅಪರೂಪಕ್ಕೊಮ್ಮೆ ಒಬ್ಬ ಕುಬ್ಜನಿಗೆ ಆವೇಶ ಬರುತ್ತದೆ, ಬೇಕಾದ ಸಾಮಗ್ರಿ ದೊರೆತರೆ ಅಪೂರ್ವ ಕಲಾವಸ್ತುವೊಂದನ್ನು ನಿರ್ಮಿಸಿ ಅವನು ಬಹುಪಾಲು ಒಮ್ಮೆಲೇ ಮಹಾಕುಶಲಿಯಾಗುತ್ತಾನೆ, ದೊರೆಯದಿದ್ದರೆ ಬುದ್ಧಿ ಕೆಟ್ಟು ಸಾಯುತ್ತಾನೆ. ಕಸುಬಿಲ್ಲದವನೊಳಗಿನ ಕುಶಲತೆಯನ್ನು ಆಟ ಪವಾಡವಾಗಿ ಕಾಣಬಲ್ಲದು. ದಿನನಿತ್ಯದ ದುಡಿಮೆಯಲ್ಲಿ ಕಾಣಲಾರದು.

2005ರ ಕಾಯ್ದೆಯ ಗೆರೆ ಬೇರೆಡೆ ಬೀಳುತ್ತದೆ. ವಿಶೇಷ ತರಬೇತಿಯಿಲ್ಲದೆ ಯಾವುದೇ ವಯಸ್ಕರು ಮಾಡಬಲ್ಲ ದೈಹಿಕ ಶ್ರಮವನ್ನು ಅದು ಅಕುಶಲ ಕೆಲಸವೆನ್ನುತ್ತದೆ. ಅಗೆಯುವುದೂ ಹೊರುವುದೂ ಅಲ್ಲಿ ಒಂದೇ. ಈ ವ್ಯಾಖ್ಯೆಗೆ ಲೆಕ್ಕಪತ್ರದ ಕಾರಣವಿತ್ತು: ಆ ಕಾಯ್ದೆಯಡಿ ವೆಚ್ಚದ ಶೇ. 60ರಷ್ಟಾದರೂ ಅಕುಶಲ ಕೂಲಿಗೆ ಹೋಗಬೇಕಿತ್ತು; ಕುಶಲರ ಕೂಲಿ ಸಾಮಗ್ರಿಯ ಬಾಬ್ತಿಗೆ ಸೇರುತ್ತಿತ್ತು. ಅಂದರೆ ಗಾರೆಯವನು ಸಿಮೆಂಟಿನ ಸಾಲಿಗೆ, ಮಣ್ಣು ತೋಡುವವಳು ಕೂಲಿಯ ಸಾಲಿಗೆ. ಬರಗಾಲದ ಸೀಮೆಯಲ್ಲಿ ಆ ಕೂಲಿ ಬದುಕನ್ನು ಹಿಡಿದು ನಿಲ್ಲಿಸಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಅದೇ ಅಗೆತವನ್ನು ಕಲ್ಪನೆಯ ಆಟ ಕಲಿಯಬಹುದಾದ ವಿದ್ಯೆಯೆಂದು ಎಣಿಸಿತು, ನಿಜದ ಕಾಯ್ದೆ ಎಣಿಸಲಿಲ್ಲ. ಗರಸು, ಎರೆ, ಜೇಡಿ, ಚೌಳುಗಳನ್ನು ಗುದ್ದಲಿಯ ಮೊದಲ ಪೆಟ್ಟಿಗೇ ಗುರುತಿಸುವ ಕೈಗೆ ಪಟ್ಟಿಯಲ್ಲಿ ಕಲಂ ಇಲ್ಲ. ಅಗೆದ ಗುಂಡಿಯ ಅಳತೆಗೆ ಇದೆ.

ಕನ್ನಡಕ್ಕೆ ಈ ಸಮಸ್ಯೆ ಹೊಸದಲ್ಲ. ‘ಆಳು’ ಎಂಬ ಒಂದೇ ರೂಪ ನಾಮಪದವಾದಾಗ ಸೇವಕ, ಕ್ರಿಯಾಪದವಾದಾಗ ರಾಜ್ಯಭಾರ. ತೆಲುಗಿನಲ್ಲಿ ಆಳುವುದಕ್ಕೆ ‘ಏಲು’ ಎಂಬ ಬೇರೆ ರೂಪವಿದೆ. ಕೆರೆಗಳ ಶಾಸನಗಳು ಸಾಮಾನ್ಯವಾಗಿ ಕಟ್ಟಿಸಿದವನ ಹೆಸರನ್ನು, ಬಿತ್ತುವಟ್ಟದ ಭೂಮಿಯನ್ನು ದಾಖಲಿಸುತ್ತವೆ. ಏರಿಗೆ ಮಣ್ಣು ಹೊತ್ತವರನ್ನು ಹೆಸರಿಸುವುದು ವಿರಳ. ಈ ಮೌನದ ನಡುವೆ ‘ಶೂನ್ಯಸಂಪಾದನೆ’ಯ ಪ್ರಸಂಗವೊಂದು ಎದ್ದು ಕಾಣುತ್ತದೆ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮ ಒಡ್ಡನೆಂದು ಕರೆಯುತ್ತಾನೆ. ಕೆಲಸದಲ್ಲಿದ್ದವರು ಕೆರಳಿ ಅವನತ್ತ ಕಲ್ಲೆಸೆಯುತ್ತಾರೆ. ಮಣ್ಣುಕೆಲಸದವನ ಹೆಸರನ್ನು ಒಡೆಯನಿಗೆ ಇಟ್ಟರೆ ಅದು ಬೈಗುಳವೆಂದು ಮಣ್ಣುಕೆಲಸದವರಿಗೇ ತೋರಿತು. ಪಟ್ಟಿ ಬರೆಯುವವನ ಕಣ್ಣು ದುಡಿಯುವವನೊಳಗೂ ಇಳಿದಿರುತ್ತದೆ ಎಂಬ ಈ ಅರಿವು ಆಟದಲ್ಲೂ ಇಲ್ಲ, ಕಾಯ್ದೆಯಲ್ಲೂ ಇಲ್ಲ.

ರಾಯದುರ್ಗ–ಮಡಕಶಿರಾದಲ್ಲಿ ಈ ವಿಂಗಡಣೆಗೆ ಭಾಷೆಯ ಪದರವೂ ಸೇರುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಸಿರಾ, ಪಾವಗಡ, ಮಧುಗಿರಿಗಳಿಗೆ ಆತುಕೊಂಡಿರುವ ಮಡಕಶಿರಾ ಸೀಮೆಯಲ್ಲಿ ನೊಳಂಬರ ರಾಜಧಾನಿ ಹೇಮಾವತಿಯಿದೆ, ಅದರ ಕನ್ನಡ ಶಾಸನಗಳಿವೆ. 2022ರಿಂದ ಈ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿ ಕೆಲಸದ ಮಾತು ಕನ್ನಡವಾಗಿದ್ದಲ್ಲಿಯೂ ಆಡಳಿತದ ಭಾಷೆ ತೆಲುಗು. ಯೋಜನೆಯ ತೆಲುಗು ಹೆಸರು ‘ಉಪಾಧಿ ಹಾಮಿ’. ತೆಲುಗಿನಲ್ಲಿ ಜೀವನೋಪಾಯವಾದ ‘ಉಪಾಧಿ’ ಕನ್ನಡದ ಓದುಗನಿಗೆ ಷರತ್ತು ಎಂದು ಕೇಳಿಸುತ್ತದೆ. ಕೋಡಿ, ತೂಬು, ಒಡ್ಡುಗಳ ಸುತ್ತ ಬೆಳೆದ ತಿಳಿವು ಎರಡು ಸಲ ಅಳಿಸಿಹೋಗುತ್ತದೆ: ಮೊದಲು ಅಕುಶಲವೆಂದು, ಆಮೇಲೆ ಕಡತದ ಭಾಷೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು.

ಆಟ ಇಲ್ಲಿಯೂ ಅರಿವಿಲ್ಲದೆಯೇ ಒಂದು ಎಚ್ಚರಿಕೆ ನೀಡುತ್ತದೆ. ಕುಬ್ಜರಿಗೆ ಸ್ವಂತ ಭಾಷೆಯಿದೆ, ದೊಡ್ಡ ಪದಪಟ್ಟಿಯೇ ಇದೆ. ಆದರೆ ಅದು ವ್ಯಕ್ತಿಗಳ, ಕೋಟೆಗಳ, ವಸ್ತುಗಳ ಹೆಸರಿಡುವುದಕ್ಕೆ ಮಾತ್ರ. ಕೆಲಸದ ಆಜ್ಞೆ, ವರದಿ, ಲೆಕ್ಕ ಎಲ್ಲವೂ ಇಂಗ್ಲಿಷಿನಲ್ಲಿ. ಊರಿನ ಹೆಸರಿನಲ್ಲಿ ಬದುಕಿ ಕೆಲಸದಲ್ಲಿ ಸತ್ತ ಭಾಷೆಯದು. ಗಡಿಯ ಕನ್ನಡಕ್ಕೂ ಅದೇ ಗತಿ ಬರಬಾರದೆಂದಾದರೆ ಶಾಲೆ, ಶಾಸನಗಳಷ್ಟೇ ಸಾಲವು. ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ವ್ಯವಸಾಯದ ಸಂಪುಟದೊಂದಿಗೆ ಆರಂಭಿಸಿದ ತೆಲುಗಿನ ಮಾಂಡಲಿಕ ವೃತ್ತಿಪದಕೋಶವು ಹೊಲದಲ್ಲಿ ದುಡಿಯುವವರನ್ನು ಪಾರಿಭಾಷಿಕ ಪದಗಳ ಒಡೆಯರೆಂದು ಕಂಡಿತು. ರಾಯದುರ್ಗ–ಮಡಕಶಿರಾದ ಗುದ್ದಲಿ ಹಿಡಿದವರ, ಬುಟ್ಟಿ ಹೊತ್ತವರ ಕನ್ನಡವನ್ನೂ ಅದೇ ಗೌರವದಿಂದ ಬರೆದಿಡಬೇಕು. ಅಂತಹ ಕೋಶದಲ್ಲಿ ‘ಅಕುಶಲ’ ಎಂಬ ಉಲ್ಲೇಖಕ್ಕೆ ಎದುರಾಗಿ ಯಾವ ಅರ್ಥವನ್ನು ಬರೆಯಬೇಕೆಂಬುದನ್ನು ಅವರನ್ನೇ ಕೇಳಬೇಕಾದೀತು.