ನೆಲೆ ಬದಲಿಸಿದ ಸ್ತುತಿವಾಕ್ಯ: ಆನ್ ಆರ್ಬರ್ ಪ್ಯಾಪಿರಸ್ ಮತ್ತು ಎರಡು ಲ್ಯಾಟಿನ್ ಸಾಕ್ಷ್ಯಗಳು

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆ ಎಲ್ಲಿ ಮುಗಿಯುತ್ತದೆ? ಮುದ್ರಿತ ಬೈಬಲ್ಲಿನ ಉತ್ತರ ಸರಳ: 16ನೆಯ ಅಧ್ಯಾಯದ ಕೊನೆಯಲ್ಲಿ ಬರುವ ದೇವಸ್ತುತಿಯೊಂದಿಗೆ. ಹಸ್ತಪ್ರತಿಗಳು ಇಷ್ಟು ಸುಲಭವಾಗಿ ಉತ್ತರ ಕೊಡುವುದಿಲ್ಲ. ಬೈಜಾಂಟಿಯನ್ ಪರಂಪರೆಯ ಬಹುತೇಕ ಗ್ರೀಕ್ ಪ್ರತಿಗಳಲ್ಲಿ ಈ ಸ್ತುತಿವಾಕ್ಯ 14ರ ಕೊನೆಗಿದೆ. ವ್ಯಾಟಿಕನ್ ಮತ್ತು ಸಿನಾಯ್ ಪ್ರತಿಗಳಲ್ಲಿ 16ರ ಕೊನೆಗಿದೆ. ಅಲೆಕ್ಸಾಂಡ್ರಿಯಾ ಪ್ರತಿಯಲ್ಲಿ ಎರಡೂ ಕಡೆ ಇದೆ. 15ರ ಕೊನೆಯಲ್ಲಿ ಮಾತ್ರ ಅದನ್ನುಳ್ಳ ಪ್ರಾಚೀನ ಪ್ರತಿ ಒಂದೇ. ಆ ಹಾಳೆ ಇರುವುದು ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದ ಪ್ಯಾಪಿರಸ್ ಸಂಗ್ರಹದಲ್ಲಿ.

ವಿದ್ವಾಂಸರು ಪ್ಯಾಪಿರಸ್ 46 ಎಂದು ಕರೆಯುವ ಈ ಕಟ್ಟು ಸಾಮಾನ್ಯವಾಗಿ ಕ್ರಿ.ಶ. 200ರ ಆಸುಪಾಸಿನದೆಂದು ಎಣಿಕೆ. ಹೆನ್ರಿ ಸ್ಯಾಂಡರ್ಸ್ ಅವರು 1935ರ ತಮ್ಮ ಆವೃತ್ತಿಯ ಶೀರ್ಷಿಕೆಯಲ್ಲಿ ಮೂರನೆಯ ಶತಮಾನವೆಂದಿದ್ದಾರೆ. 52 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಿಸಿ ಕಟ್ಟಿದ ಒಂದೇ ಮಡಿಕೆಯ ಪುಸ್ತಕವಿದು. ಅದರ 104 ಎಲೆಗಳಲ್ಲಿ 86 ಉಳಿದಿವೆ: 56 ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿ, 30 ಆನ್ ಆರ್ಬರ್‌ನಲ್ಲಿ. ಪೇಟೆಯಲ್ಲಿ ಬಿಡಿಬಿಡಿಯಾಗಿ ಮಾರಾಟವಾದುದರ ಫಲವಿದು. ಒಂದೇ ಪತ್ರಿಕೆಯ ಪಾಠ ಎರಡು ಊರುಗಳ ನಡುವೆ ಹಲವು ಸಲ ಹೋಗಿಬರುತ್ತದೆ.

ಈ ಪ್ರತಿಯಲ್ಲಿ 15ರ ಕೊನೆಗೆ ಸ್ತುತಿವಾಕ್ಯ ಬಂದ ಮೇಲೂ ಬರಹ ನಿಲ್ಲುವುದಿಲ್ಲ; 16ರ ವಂದನೆಗಳು ಮುಂದುವರಿಯುತ್ತವೆ. ಟಿ. ಡಬ್ಲ್ಯೂ. ಮ್ಯಾನ್ಸನ್ ಇದನ್ನು ಆಧರಿಸಿ ಒಂದು ಆಕರ್ಷಕ ವಾದ ಹೂಡಿದರು: ರೋಮಿಗೆ ಹೋದದ್ದು ಹದಿನೈದು ಅಧ್ಯಾಯಗಳ ಪತ್ರ, ಹದಿನಾರನೆಯದು ಎಫೆಸದವರಿಗೆ ಕಳಿಸಿದ ಪ್ರತಿಯ ಸೇರ್ಪಡೆ. ವಾದ ಆಕರ್ಷಕವಾದರೂ ಸಾಕ್ಷ್ಯಕ್ಕೆ ಮೀರಿದ ಭಾರ ಹೊರಿಸುತ್ತದೆ. ಪ್ಯಾಪಿರಸ್ 46ರಲ್ಲಿ 16ನೆಯ ಅಧ್ಯಾಯ ಇದೆ. ಇಲ್ಲದಿರುವ ಪ್ರತಿಯೊಂದು ಅದರ ಪೂರ್ವಜರಲ್ಲಿ ಇದ್ದಿರಬಹುದೆಂದು ಊಹಿಸಲು ಸ್ತುತಿಯ ಸ್ಥಾನ ಅನುವು ಮಾಡಿಕೊಡುತ್ತದೆ, ಅಷ್ಟೇ. ಪೂರ್ವಜ ಪ್ರತಿಯ ಅಂತ್ಯವನ್ನು ಕರ್ತೃವಿನ ಅಂತ್ಯವೆಂದು ಓದುವುದು ಎರಡು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಏರಿದಂತೆ. ಹ್ಯಾರಿ ಗ್ಯಾಂಬಲ್ 1977ರಲ್ಲಿ ಪೌಲನ ಪತ್ರಗಳ ಮುಕ್ತಾಯಕ್ರಮವನ್ನು ಪರಿಶೀಲಿಸಿ, ಹದಿನಾರು ಅಧ್ಯಾಯಗಳ ರೂಪವೇ ಮೂಲವೆಂದು ತೋರಿಸಿದ್ದು ಹೆಚ್ಚು ಒಪ್ಪತಕ್ಕದ್ದು.

ಇಂಥ ಮಾಸದ ಗುರುತುಗಳನ್ನು ಓದುವ ಬಗೆಯನ್ನು ಮಧ್ಯಯುಗದ ಲ್ಯಾಟಿನ್ ಪ್ರತಿಗಳು ಇನ್ನೂ ಚೆನ್ನಾಗಿ ಕಲಿಸುತ್ತವೆ. ಇಂಗ್ಲೆಂಡಿನ ವೇರ್‌ಮೌತ್–ಜಾರೋ ಮಠದಲ್ಲಿ ಸಿದ್ಧವಾಗಿ 716ರಲ್ಲಿ ರೋಮಿನ ದಾರಿ ಹಿಡಿದ, ಈಗ ಫ್ಲಾರೆನ್ಸಿನಲ್ಲಿರುವ ಅಮಿಯಾಟಿನಸ್ ಪ್ರತಿಯಲ್ಲಿ ರೋಮಾ ಪತ್ರಿಕೆಯ ಹದಿನಾರೂ ಅಧ್ಯಾಯಗಳಿವೆ, ಸ್ತುತಿವಾಕ್ಯ ಕೊನೆಗಿದೆ. ಆದರೆ ಪತ್ರಿಕೆಯ ಮುಂದಿರಿಸಿದ ವಿಷಯಸೂಚಿ ಬೇರೆಯೇ ಕಥೆ ಹೇಳುತ್ತದೆ. ಅದರ 50ನೆಯ ಶೀರ್ಷಿಕೆ ಆಹಾರದ ನೆಪದಲ್ಲಿ ಸಹೋದರನನ್ನು ನೋಯಿಸುವ ವಿಚಾರ, ಅಂದರೆ ಈಗಿನ 14ನೆಯ ಅಧ್ಯಾಯ. 51ನೆಯದು, ಕೊನೆಯದು, ಸ್ತುತಿವಾಕ್ಯದಲ್ಲಿ ಬರುವ ಗುಪ್ತರಹಸ್ಯದ ಪ್ರಕಟಣೆ. ನಡುವಣ ಎರಡು ಅಧ್ಯಾಯಗಳಿಗೆ ಶೀರ್ಷಿಕೆಯೇ ಇಲ್ಲ. ಹದಿನಾಲ್ಕು ಅಧ್ಯಾಯಗಳ ಲ್ಯಾಟಿನ್ ಪಾಠವೊಂದಕ್ಕೆ ಸಿದ್ಧಪಡಿಸಿದ ಸೂಚಿಯನ್ನು ಲಿಪಿಕಾರ ಇದ್ದಂತೆಯೇ ಇಳಿಸಿಕೊಂಡಿದ್ದಾನೆ; ಪಾಠದೊಡನೆ ಹೋಲಿಸುವ ಗೋಜಿಗೆ ಹೋಗಿಲ್ಲ. ಅವನು ಜಾಣನಾಗಿದ್ದರೆ ನಷ್ಟ ನಮ್ಮದಾಗುತ್ತಿತ್ತು.

ಒಂಬತ್ತನೆಯ ಶತಮಾನದ ಬೋರ್ನೆರಿಯಾನಸ್ ಪ್ರತಿ ಇನ್ನೂ ಮೌನವಾಗಿ ಮಾತಾಡುತ್ತದೆ. ಡ್ರೆಸ್ಡನ್‌ನಲ್ಲಿರುವ ಇದು ಗ್ರೀಕ್ ಪ್ರತಿ. ಸಾಲುಗಳ ನಡುವೆ ಪದಕ್ಕೆ ಪದವಾಗಿ ಲ್ಯಾಟಿನ್ ಇದೆ. ಇದರಲ್ಲಿ ಸ್ತುತಿವಾಕ್ಯ ಎಲ್ಲಿಯೂ ಇಲ್ಲ. ಆದರೆ 14ರ ಕೊನೆಯಲ್ಲಿ ಕೆಲವು ಸಾಲುಗಳಷ್ಟು ಜಾಗ ಖಾಲಿ ಬಿಟ್ಟಿದೆ. ತನ್ನ ಮಾತೃಕೆಯಲ್ಲಿ ಇಲ್ಲದ್ದು ಅಲ್ಲಿ ಇರಬೇಕಿತ್ತೆಂದು ಯಾರಿಗೋ ತಿಳಿದಿತ್ತು. ಇದೇ ಪ್ರತಿಯ ಮೊದಲ ಅಧ್ಯಾಯದಲ್ಲಿ ರೋಮ್ ಎಂಬ ಊರ ಹೆಸರೂ ಇಲ್ಲ. ಒಂದು ಊರಿಗೆ ಬರೆದ ಪತ್ರವನ್ನು ಎಲ್ಲ ಸಭೆಗಳಿಗೂ ಸಲ್ಲುವಂತೆ ಮಾಡಲು ಊರ ಹೆಸರನ್ನೂ ವೈಯಕ್ತಿಕ ಭಾಗಗಳನ್ನೂ ಕತ್ತರಿಸಿದ ಫಲವೇ ಕಿರಿಯ ರೂಪ ಎಂಬ ವಿವರಣೆಗೆ ಇದು ಬಲ ಕೊಡುತ್ತದೆ. 14ರ ನಂತರದ್ದನ್ನು ಮಾರ್ಸಿಯನ್ ಕತ್ತರಿಸಿದನೆಂಬ ಒರಿಗೆನ್‌ನ ದೂರು ಉಳಿದು ಬಂದದ್ದೂ ರುಫಿನಸ್‌ನ ಲ್ಯಾಟಿನ್ ಅನುವಾದದಲ್ಲೇ.

ಕನ್ನಡ ಗ್ರಂಥಸಂಪಾದನೆಗೆ ಇದು ದೂರದ ವಿಷಯವಲ್ಲ. ಕುಮಾರವ್ಯಾಸ ಭಾರತದ ಸಂಧಿಗಳ ತಲೆಯಲ್ಲಿ ಸೂಚನೆಯ ಪದ್ಯವಿದೆ. ಓಲೆಕಟ್ಟುಗಳ ಅಂತ್ಯದಲ್ಲಿ ಸಂಧಿ, ಪದಗಳ ಲೆಕ್ಕ ಬರೆದಿಡುವ ರೂಢಿಯಿದೆ. (ಪ್ಯಾಪಿರಸ್ 46ರಲ್ಲಿಯೂ ಕೆಲವು ಪತ್ರಿಕೆಗಳ ಕೊನೆಗೆ ಸಾಲುಗಳ ಲೆಕ್ಕವಿದೆ.) ಲೆಕ್ಕಕ್ಕೂ ಪದ್ಯಗಳಿಗೂ ತಾಳೆಯಾಗದಿದ್ದಾಗ ಅದನ್ನು ಲಿಪಿಕಾರನ ಪ್ರಮಾದವೆಂದು ಪಕ್ಕಕ್ಕಿಡುವುದು ಸುಲಭ. ಆ ಸಂಖ್ಯೆ ಬೇರೊಂದು ಮಾತೃಕೆಯಿಂದ ಬಂದಿರಬಹುದೇ ಎಂದು ಮೊದಲು ಕೇಳಬೇಕು. ಗ್ರಂಥಪಾತವೆಂದು ಗುರುತಿಸಿ ಮುಂದೆ ಸಾಗುವ ಖಾಲಿ ಜಾಗಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಪದದ ಪಾಠಾಂತರಗಳಿಗೆ ಅಡಿಟಿಪ್ಪಣಿಯಲ್ಲಿ ಸಿಗುವ ಸ್ಥಾನ ಕಟ್ಟಿನ ಇಂಥ ವಿವರಗಳಿಗೆ ಸಿಗುವುದು ಅಪರೂಪ. ಪ್ಯಾಪಿರಸ್ 46ರ ಸಾಕ್ಷ್ಯವೂ ಮುದ್ರಿತ ಗ್ರೀಕ್ ಹೊಸ ಒಡಂಬಡಿಕೆಯ ಅಡಿಯಲ್ಲಿ ಒಂದು ಸಂಕೇತವಾಗಿ ಕುಗ್ಗಿದೆ. ಸ್ತುತಿಯ ನಂತರವೂ ಕೈ ನಿಲ್ಲದೆ ಬರೆದುಕೊಂಡು ಹೋದದ್ದು ಹಾಳೆಯ ಚಿತ್ರ ನೋಡಿದವರಿಗಷ್ಟೇ ಕಾಣುತ್ತದೆ. ಅದಕ್ಕಿಂತ ಮುಂಚಿನ ಒಂದು ಹಾಳೆ, 14:9ರಿಂದ 15:11ರವರೆಗಿನ ಪಾಠವಿದ್ದದ್ದು, ಹರಿದ ಸ್ಥಿತಿಯಲ್ಲಿ ಡಬ್ಲಿನ್‌ನಲ್ಲಿದೆ.