ಮೈಯೇ ಗುಡಿಯಾದ ಮೇಲೆ

ಮೈಯನ್ನೇ ಗುಡಿಯಾಗಿ ಕಂಡ ಬಸವಣ್ಣನ ವಚನ ಬಸವನ ಬಾಗೇವಾಡಿ, ಸಿಂದಗಿ ಸೀಮೆಯ ನಮಗೆ ಶಾಲೆಯಿಂದಲೇ ಬಾಯಿಪಾಠ. ಯೋಹಾನನ ಸುವಾರ್ತೆಯ 2ನೇ ಅಧ್ಯಾಯ ಓದುವಾಗ ನನಗೆ ಅದೇ ನೆನಪಾಯಿತು. ಜೆರುಸಲೇಮಿನ ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಯೇಸು, ಅಲ್ಲಿಯೇ ತನ್ನ ದೇಹವನ್ನು ದೇವಾಲಯವೆಂದು ಕರೆಯುತ್ತಾನೆ.

ಹಾಗಾದರೆ ಕಟ್ಟಡ ಮುಖ್ಯವಲ್ಲ ಎನ್ನುವುದು ಅವಸರದ ಓದು. ಯೇಸು ಸಿಟ್ಟಾದದ್ದು ಅದು ತನ್ನ ತಂದೆಯ ಮನೆಯೆಂದು. ಬಸವಣ್ಣ ಮಾತಾಡಿದ್ದು ಗುಡಿ ಕಟ್ಟಿಸಲಾಗದ ಬಡವನಾಗಿ. ಇಬ್ಬರದೂ ಭಕ್ತಿಯೊಳಗಿನ ವಿಮರ್ಶೆ.

2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಪ್ರಾರ್ಥನಾಲಯಕ್ಕೆ ನುಗ್ಗಿ ಶಿಲುಬೆ ಮುರಿದವರಲ್ಲಿ ಅಂಥ ವಿಮರ್ಶೆ ಇರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಪೌಲ ದೇವರ ಆಲಯವೆನ್ನುವುದು ಕೂಡಿದ ಜನರನ್ನೇ. ಮೈಯೇ ಗುಡಿಯಾದರೆ, ಅಂದಿನ ಪೆಟ್ಟು ಅಲ್ಲಿ ಮಂಡಿಯೂರುತ್ತಿದ್ದವರ ಮೈಮೇಲೂ ಬಿತ್ತು.